ರನ್‌ವೇ ತುದಿಯ ರಾಶಿ

ದಾಡಿ ಮಾಡಿಕೊಳ್ಳುವಾಗ ದೇವಾನಂದ ಗದ್ದ ಕೊಯ್ದುಕೊಂಡ. ಬೇರೆ ದಿನವಾಗಿದ್ದರೆ ಬ್ಲೇಡಿಗೆ ಬೈಯುತ್ತಿದ್ದ, ಕನ್ನಡಿಗೆ ಬೈಯುತ್ತಿದ್ದ, ನೀರು ಕಾಯಿಸಿಟ್ಟ ಹೆಂಡತಿಗೂ ಬೈಯುತ್ತಿದ್ದ. ಇವತ್ತು ರಕ್ತದ ಮೇಲೆ ಟವೆಲ್ಲು ಒತ್ತಿಕೊಂಡು ತನ್ನಷ್ಟಕ್ಕೆ ನಕ್ಕ. ಇವತ್ತು ದೊಡ್ಡ ವಿಮಾನ ಬರುತ್ತದೆ. ಶಹಾಬಾದಿಗೂ ಚಿತ್ತಾಪುರಕ್ಕೂ ನಡುವಿನ ಈ ಕರಿನೆಲದಲ್ಲಿ ಇಷ್ಟು ವರ್ಷ ಇಳಿಯುತ್ತಿದ್ದುದು ಪಂಖದ ಸಣ್ಣ ವಿಮಾನ. ಇಳಿದವರು ಮೆಟ್ಟಿಲ ಮೇಲೆ ನಿಂತು ಅತ್ತಿತ್ತ ನೋಡಿ, ‘ಇಷ್ಟೇನಾ?’ ಎನ್ನುತ್ತಿದ್ದರು. ರನ್‌ವೇ ಉಸ್ತುವಾರಿಯ ಕೆಲಸಕ್ಕೆ ಸೇರಿದ ದಿನದಿಂದ ಆ ಮಾತು ಅವನ ಕಪಾಳಕ್ಕೆ ಬಡಿಯುತ್ತಲೇ ಇತ್ತು. ಟರ್ಮಿನಲ್ಲು ಸಣ್ಣದಾದರೆ ಅದು ತನ್ನ ತಪ್ಪೇ? ಆದರೂ ತನ್ನನ್ನೇ ನೋಡಿ ಅಂದಂತೆ ಆಗುತ್ತಿತ್ತು. ಈಗ ರನ್‌ವೇ ಮೂಡಲ ಕಡೆಗೆ ಉದ್ದ ಬೆಳೆದಿದೆ. ಶಹಾಬಾದ್ ಕಲ್ಲು ಹಾಸಿದ ಹೊಸ ಹಜಾರ ಎದ್ದಿದೆ. ಹೈದರಾಬಾದಿನಿಂದ ಜೆಟ್ ವಿಮಾನ ಪರೀಕ್ಷೆಗೆಂದು ಬರುತ್ತಿದೆ, ಒಳಗೆ ಮೇಲಧಿಕಾರಿಗಳನ್ನು ಕೂರಿಸಿಕೊಂಡು. ಇಳಿದರೆ ಮುಂದಿನ ವಾರದಿಂದಲೇ ಸಂಚಾರ. ಇಳಿಯದೆ ತಿರುಗಿ ಹೋದರೆ ಆ ವಿಮಾನವನ್ನು ಇನ್ನೊಂದು ಊರಿಗೆ ಕೊಡುತ್ತಾರೆ, ನಮ್ಮ ಸರದಿ ಮತ್ತೆ ಯಾವಾಗಲೋ. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಹೇಳಿದ್ದು ಬೇರೆ. ನಿನ್ನೆ ಮಧ್ಯಾಹ್ನದ ಮೀಟಿಂಗಿನಲ್ಲಿ ಸುರೇಶಕುಮಾರ ಸಾಹೇಬರು, ನಿಲ್ದಾಣಕ್ಕೆ ಹೊಸದಾಗಿ ಬಂದ ಮುಖ್ಯಸ್ಥರು, ಪೆನ್ನಿನ ತುದಿಯಿಂದ ಅವನನ್ನು ತೋರಿಸಿ, ‘ದೇವಾನಂದ್, ಬರೋರ ಮುಂದೆ ನೀವು ಮಾತಾಡೋದು ಬೇಡ. ನಿಮ್ಮ ಕನ್ನಡ ಅವರಿಗೆ ಅರ್ಥ ಆಗಲ್ಲ, ನಿಮ್ಮ ಇಂಗ್ಲಿಷ್ ನಮಗೇ ಅರ್ಥ ಆಗಲ್ಲ’ ಎಂದಿದ್ದರು. ಎಲ್ಲರೂ ನಕ್ಕರು. ಅವನೂ ನಕ್ಕ. ತಾನೂ ನಕ್ಕದ್ದೇ ಆಮೇಲೆ ಹೆಚ್ಚು ಚುಚ್ಚಿತು. ಹೊರಗೆ ಬಂದರೆ ಗೇಟಿನ ಹತ್ತಿರ ಅಕ್ಕ ಮಾಣಿಕಮ್ಮ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೆ ಬಂದವಳಂತೆ. ‘ತೊಗರಿ ಕೊಯ್ದು ಬದುವಿನ ಮ್ಯಾಗ ಒಟ್ಟೀನಿ ತಮ್ಮಾ. ಕಣ ನಿನ್ನ ರೋಡಿನ ಕೆಳಗ ಹೋಗ್ಯಾದ. ರಾಶಿ ಎಲ್ಲಿ ಮಾಡ್ಲಿ, ನಿನ್ನ ತಲಿ ಮ್ಯಾಗ?’ ಎಂದಳು. ಗೇಟಿನ ಕಾವಲುಗಾರ ಕೇಳುತ್ತಿದ್ದ, ಲಗೇಜು ಇಳಿಸುತ್ತಿದ್ದವರು ಕೇಳುತ್ತಿದ್ದರು. ಆಗ ಅವನ ಬಾಯಿಂದ ಏನು ಬಂತು? ಏನೋ ಬಂತು. ಸಿಟ್ಟಿನಲ್ಲಿ ಬಂದ ಮಾತು ಅವನ ನೆನಪಿನಲ್ಲಿ ಉಳಿಯುವುದಿಲ್ಲ, ಕೇಳಿದವರ ನೆನಪಿನಲ್ಲಿ ಉಳಿಯುತ್ತದೆ. ಸಾಹೇಬರನ್ನು ಬೈಯಬೇಕಾಗಿದ್ದ ಗಂಟಲಿನಿಂದ ಅಕ್ಕನಿಗೆ ಏನೋ ಕೂಗಿ, ಜೀಪಿನ ಬಾಗಿಲು ಧಡ್ಡೆಂದು ಹಾಕಿಕೊಂಡು ಹೋಗಿದ್ದ.

ಬೆಳಗ್ಗೆ ನಿಲ್ದಾಣಕ್ಕೆ ಬಂದವನು ಎಂದಿನಂತೆ ಮೊದಲು ರನ್‌ವೇ ತಿರುಗಬೇಕಿತ್ತು. ಬಾಗಿಲಲ್ಲೇ ಸಾಹೇಬರು ಹಿಡಿದರು. ಹೂಮಾಲೆ ಬಂದಿಲ್ಲ, ಶಾಮಿಯಾನದ ಕುರ್ಚಿಗಳ ಮೇಲೆ ಸಿಮೆಂಟಿನ ಧೂಳು ಕೂತಿದೆ, ‘ಸ್ವಲ್ಪ ನೋಡ್ರಿ.’ ರನ್‌ವೇ ಉಸ್ತುವಾರಿ ಕುರ್ಚಿ ಒರೆಸಿದ. ವಾಡಿಯ ಸಿಮೆಂಟು ಕಾರ್ಖಾನೆ ಕಡೆಯಿಂದ ಗಾಳಿ ಬೀಸಿದರೆ ಈ ಧೂಳು ಬಂದೇ ಬರುತ್ತದೆ, ಒರೆಸಿದಷ್ಟೂ ಕೂರುತ್ತದೆ. ಅವನ ಒರೆಸುವ ಬಟ್ಟೆಯ ಕೆಳಗೆ ಪ್ಲಾಸ್ಟಿಕ್ಕು ಕೆಂಪಾಗಿ ಹೊಳೆಯತೊಡಗಿತು. ಸಿಟ್ಟು ಬರಲಿಲ್ಲ, ಬರಲು ಜಾಗವೇ ಇರಲಿಲ್ಲ. ಎದೆಯೆಲ್ಲ ಆ ವಿಮಾನವೇ ತುಂಬಿಕೊಂಡಿತ್ತು. ಹುಡುಗನಾಗಿದ್ದಾಗ ನಾಲವಾರದ ಸ್ಟೇಷನ್ನಿನ ಆಚೆ ಬರಿಗಾಲನ್ನು ಹಳಿಯ ಮೇಲಿಟ್ಟು ನಿಲ್ಲುತ್ತಿದ್ದ. ರೈಲು ಕಣ್ಣಿಗೆ ಕಾಣುವ ಮೊದಲು ಅಂಗಾಲಿಗೆ ಬರುತ್ತಿತ್ತು. ಸಣ್ಣಗೆ ಜುಂ ಎಂದು ಶುರುವಾಗಿ ಮೊಣಕಾಲಿಗೆ ಏರಿ ಹೊಟ್ಟೆಗೆ ಬಂದು ಕೂತಾಗ ಹಾರಿ ಓಡಬೇಕು. ಓಡುವ ಮೊದಲಿನ ಆ ಒಂದು ಗಳಿಗೆಗಾಗಿ ದಿನವೂ ಬೈಸಿಕೊಳ್ಳಲು ತಯಾರಿದ್ದ. ಇವತ್ತೂ ಹೊಟ್ಟೆಯಲ್ಲಿ ಅದೇ ಜುಂ. ಮಾಲೆ ಬಂದವು, ಕುರ್ಚಿ ಮುಗಿದವು, ಅವನು ಜೀಪು ಹತ್ತಿ ರನ್‌ವೇಗೆ ಇಳಿದ.

ಹಳೆಯ ಭಾಗ ಚೊಕ್ಕಟವಾಗಿತ್ತು. ಹೊಸ ಭಾಗ ಶುರುವಾಗುವಲ್ಲಿ ಡಾಂಬರಿನ ಬಣ್ಣ ಬದಲಾಗುತ್ತದೆ, ಟೈರಿನ ಸದ್ದೂ ಬದಲಾಗುತ್ತದೆ, ರೇಷ್ಮೆ ಹರಿದಂಥ ಸದ್ದು. ಆ ಸದ್ದಿಗೆ ಅವನು ದಿನಾ ಖುಷಿಪಡುತ್ತಿದ್ದ. ಪುಷ್ಯದ ಮಂಜು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ದೂರ, ತುದಿಯಲ್ಲಿ, ಬೆಳವನ ಹಕ್ಕಿಗಳು ದೊಡ್ಡ ಗುಂಪಾಗಿ ಎದ್ದು ಮತ್ತೆ ಅಲ್ಲೇ ಇಳಿದವು. ಹಕ್ಕಿಗಳು ಯಾಕೆ ಇಳಿದವು ಎಂದು ಯೋಚಿಸುವಷ್ಟರಲ್ಲಿ ಮಂಜಿನೊಳಗಿಂದ ಅದು ಎದ್ದು ಬಂತು: ರಾಶಿ. ಕೆಂಪುಗಂದು ಬಣ್ಣದ ತೊಗರಿಯ ರಾಶಿ, ಗೋಪುರದಂತೆ ಚೂಪಾಗಿ, ಮೇಲೆ ಎಳೆಬಿಸಿಲು ಬಿದ್ದು ಕಾಳು ಕಾಳೂ ಮಿನುಗುತ್ತ, ಪಕ್ಕದಲ್ಲಿ ಹೊಟ್ಟಿನ ದಿಬ್ಬ, ಆಚೆ ಬೇಲಿಯ ಗೇಟಿನ ಹತ್ತಿರ ಟ್ರ್ಯಾಕ್ಟರು. ಹೆದರಿಕೆ ಆಮೇಲೆ ಬಂತು. ಮೊದಲು ಬಂದದ್ದು ಸಂತೋಷ. ಎಂಥ ರಾಶಿ! ಒಂದು ಕಲ್ಲಿಲ್ಲ, ಒಂದು ಮಣ್ಣಿನ ಹೆಂಟೆಯಿಲ್ಲ! ಈ ಸಂತೋಷವನ್ನು ಅವನು ಮುಂದೆ ಯಾವತ್ತೂ ಯಾರಿಗೂ ಹೇಳುವಂತಿರಲಿಲ್ಲ. ಅದರ ಬೆನ್ನಿಗೇ ನಿನ್ನೆ ಗೇಟಿನ ಹತ್ತಿರ ತಾನು ಕೂಗಿದ ಮಾತು, ಇಡೀ ಮಾತು, ತನ್ನದೇ ದನಿಯಲ್ಲಿ ಕಿವಿಗೆ ಬಂತು. ‘ಹಾಕ್ಕೋ ಹೋಗು! ಅದೇ ಕಣದ ಮ್ಯಾಗ ಹಾಕ್ಕೋ! ಯಾರ್ ಏನ್ ಅಂತಾರ ನಾ ನೋಡ್ತೀನಿ!’

ಸೇಡಂ ರಸ್ತೆಯಲ್ಲಿ, ಸುಲೇಪೇಟದ ರಸ್ತೆಯಲ್ಲಿ ಸುಗ್ಗಿ ಬಂತೆಂದರೆ ಅರ್ಧ ಡಾಂಬರು ಬೆಳೆಯದ್ದೇ. ಬಸ್ಸು ಲಾರಿಗಳು ಹಾದು ಕಾಳು ಉದುರಿಸಿಕೊಟ್ಟು ಹೋಗುತ್ತವೆ, ಯಾವ ಡ್ರೈವರನೂ ಬೇಡ ಅನ್ನುವುದಿಲ್ಲ. ಅಕ್ಕನಿಗೆ ಇದೂ ಒಂದು ರಸ್ತೆ. ಎಲ್ಲಕ್ಕಿಂತ ನುಣುಪಾದ ರಸ್ತೆ, ಅದೂ ತಮ್ಮನದು. ಕಾವಲುಗಾರನಿಗೆ ‘ನನ್ನ ತಮ್ಮನೇ ಹೇಳ್ಯಾನ’ ಎಂದರೆ ಸಾಕಾಗಿರಬೇಕು. ರಾತ್ರಿಯೆಲ್ಲ ಟ್ರ್ಯಾಕ್ಟರು ತಿರುಗಿಸಿ, ಬೆಳಗಿನ ಗಾಳಿಗೆ ತೂರಿದ್ದಾರೆ.

ಜೀಪು ಇಳಿದು ಓಡಿದ. ಮೊರ ಹಿಡಿದು ಬಗ್ಗಿದ್ದ ಮಾಣಿಕಮ್ಮ ತಲೆಯೆತ್ತದೆ ಕೂಗಿದಳು.

‘ಏ! ಬೂಟು! ಬೂಟು ಬಿಡು!’

ಕಾಲು ತಾನಾಗಿಯೇ ನಿಂತಿತು. ಅವರ ಮನೆಯಲ್ಲಿ ಪೂಜೆ ಪುನಸ್ಕಾರ ಬಿಟ್ಟು ಒಂದು ತಲೆಮಾರಾಗಿತ್ತು, ಗೋಡೆಯ ಮೇಲೆ ಬುದ್ಧ ಬಂದಿದ್ದ. ಕಣದ ಎರಡು ನೇಮಗಳನ್ನು ಮಾತ್ರ ಅಕ್ಕ ಬಿಟ್ಟಿರಲಿಲ್ಲ. ಕಣಕ್ಕೆ ಚಪ್ಪಲಿ ಮೆಟ್ಟಿ ಬರುವಂತಿಲ್ಲ. ಕಣಕ್ಕೆ ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಅವನು ಒಂದೇ ಕಾಲಲ್ಲಿ ಕುಂಟುತ್ತ ಬೂಟು ಕಿತ್ತು ಎಸೆದ.

‘ಯಕ್ಕಾ, ವಿಮಾನ ಬರಾಕತ್ತದ!’

‘ಬರ್ಲಿ. ಬ್ಯಾಡಂದವರು ಯಾರು? ಅಷ್ಟು ಉದ್ದ ರೋಡ್ ಅದ, ಆ ಕಡಿ ಇಳೀಲಿ.’

‘ಅದೇನ್ ಎತ್ತಿನ ಗಾಡಿ ಅಂದ್ಕೊಂಡೀಯೇನ್, ಬಾಜೂಕ್ ಹೊಡ್ಕೊಂಡು ಹೋಗಾಕ? ಒಂದು ಕಾಳು ಎಂಜಿನ್ನಿಗೆ ಹೋದ್ರ, ಒಂದು ಹಕ್ಕಿ ಹೋದ್ರ ಮುಗೀತು!’

‘ನನ್ನ ಮ್ಯಾಗ ಒದರಬ್ಯಾಡ. ಹಾಕ್ಕೋ ಅಂದವ ನೀನೇ. ನಾಕ್ ಮಂದಿ ಕೇಳ್ಯಾರ.’

ಅಕ್ಕನ ಗಂಡ ಅಂಬಾರಾಯ ಮಾಮ ಟ್ರ್ಯಾಕ್ಟರಿನ ಕಡೆಯಿಂದ ತಾಡಪತ್ರಿ ಎಳೆದುಕೊಂಡು ಬರುತ್ತಿದ್ದವನು ಅಲ್ಲೇ ನಿಂತ. ಜೀವಮಾನದಲ್ಲಿ ಈ ಅಕ್ಕತಮ್ಮಂದಿರ ನಡುವೆ ಬಾಯಿ ಹಾಕಿದವನಲ್ಲ. ಕಸ ಗುಡಿಸುತ್ತಿದ್ದ ಮರೆಮ್ಮ, ಅಕ್ಕನ ನೆರೆಯವಳು, ಬಾರಿಗಿ ಊರಿಕೊಂಡು ನೋಡತೊಡಗಿದಳು. ಸೊಂಟದಲ್ಲಿ ವಾಕಿಟಾಕಿ ಕರೆಯಿತು. ಟವರಿನಿಂದ ರಿಹಾನ, ವಾಡಿಯ ಹುಡುಗಿ. ‘ಸರ್, ಅವರು ಹೈದರಾಬಾದ್ ಬಿಟ್ಟು ಭಾಳ ಹೊತ್ತಾಯ್ತ್ರಿ. ಹತ್ರ ಬಂದಾರ. ರನ್‌ವೇ ಖಾಲಿ ಅದ ಅಂತ ಹೇಳ್ಲೇನ್ರಿ?’ ಅವನು ಗುಂಡಿ ಒತ್ತಿದ. ‘ತಡಿ ಬೇಟಾ. ಇಳಸಬ್ಯಾಡ. ಮಜೀದಸಾಬಗ ಗಾಡಿ ತಗೊಂಡು ಮಂದಿ ಕರ್ಕೊಂಡು ಓಡಿ ಬಾ ಅಂತ ಹೇಳು’ ಎಂದ.

ಬೆಂಕಿ ಆರಿಸುವ ಕೆಂಪು ಗಾಡಿ ಗಂಟೆ ಬಾರಿಸುತ್ತಲೇ ಬಂತು. ಮಜೀದಸಾಬ ರಾಶಿ ನೋಡಿ ಸ್ಟಿಯರಿಂಗ್ ಹಿಂದೆಯೇ ಗಹಗಹಿಸಿ ನಕ್ಕ. ‘ಯಾ ಅಲ್ಲಾ, ಏನ್ ಮಾಲ್ ಅದರಿ ಸಾಬ್! ನೀರು ಬಿಡ್ತೀನಿ ನೋಡ್ರಿ, ಒಂದೇ ಹೊಡೆತಕ್ಕ ಸಾಫ್!’

ಮಾಣಿಕಮ್ಮ ಮೊರ ಎತ್ತಿ ಗಾಡಿಯ ಮುಂದೆ ನಿಂತಳು. ‘ನೀರು ಬಿಟ್ರ ನಿನ್ನ ಗಾಲಿ ಕೆಳಗ ಮಲ್ಕೋತೀನಿ ಮಜೀದಣ್ಣ. ಹೊಟ್ಟು ನೆನದ್ರ ದನ ಏನ್ ತಿಂತಾವ? ನಿನ್ನ ಪೈಪ್ ತಿಂತಾವೇನ್?’

‘ನೆನದ್ರ ಕಾಳು ಡಾಂಬರಕ್ಕ ಅಂಟ್ತದೋ ಮಜೀದ, ಬ್ಯಾಡ’ ಎಂದ ದೇವಾನಂದ. ‘ಬಾರಿಗಿ ತಗೊಳ್ರಿ ಎಲ್ಲಾರೂ. ತಾಡಪತ್ರಿ ರಾಶಿ ಕೆಳಗ ಸೇರ್ಸ್ರಿ. ಎಳೀಬೇಕು.’

ಬಗ್ಗಿ ತಾಡಪತ್ರಿಯ ಅಂಚು ತುರುಕುವಾಗ ಮೊಣಕೈವರೆಗೂ ಕಾಳು ಮುಚ್ಚಿತು. ಒಳಗೆ ಬೆಚ್ಚಗಿತ್ತು. ರಾಶಿಯ ಒಳಗೆ ಯಾವಾಗಲೂ ಬೆಚ್ಚಗಿರುತ್ತದೆ. ಅದು ಅವನಿಗೆ ದೊಡ್ಡವನಾದ ಮೇಲೆ ತಿಳಿದದ್ದು, ಯಾಕೆಂದರೆ ಸಣ್ಣವನಾಗಿದ್ದಾಗ ಯಾವ ರಾಶಿಗೂ ಕೈ ತಾಗಿಸಿದವನಲ್ಲ. ಅವ್ವ ಕಂಡವರ ಕಣದ ಅಂಚಿನಲ್ಲಿ ಉಡಿ ಒಡ್ಡಿ ನಿಂತಿರುತ್ತಿದ್ದಳು. ಅಕ್ಕ ಅವಳ ಸೆರಗು, ತಾನು ಅಕ್ಕನ ಲಂಗ ಹಿಡಿದುಕೊಂಡು. ರಾಶಿ ಅಳೆದು ಮುಗಿಯುವ ತನಕ ನಿಲ್ಲಬೇಕು, ಬಿಸಿಲು ಎಷ್ಟಿದ್ದರೂ. ಅಕ್ಕನಿಗೆ ಗಂಡನ ಮನೆಯಲ್ಲಿ ಸ್ವಂತ ಹೊಲವಾದ ವರ್ಷ ಮೊದಲ ಕಣ ಮಾಡಿದ್ದು ಅವನೂ ಅವಳೂ. ಮಣ್ಣು ಅಗೆದು, ನೀರು ಹನಿಸಿ, ಇಡೀ ದಿನ ಬರಿಗಾಲಲ್ಲಿ ತುಳಿದು ತುಳಿದು ಗಟ್ಟಿ ಮಾಡಿದರು. ತುಳಿಯುವಾಗ ಅಕ್ಕ ಹುಚ್ಚಿಯಂತೆ ನಗುತ್ತಿದ್ದಳು. ಸೆಗಣಿ ಸಾರಿಸಿ ಒಣಗಿದ ಮೇಲೆ ಅದರ ಮೇಲೆ ಅಂಗಾತ ಮಲಗಿ, ‘ಈ ಕಣದ ಅಂಚಿನ್ಯಾಗ ಯಾರೂ ನಿಲ್ಲಂಗಿಲ್ಲ ತಮ್ಮಾ. ಬಂದವರು ಒಳಗ ಬರಬೇಕು’ ಎಂದಿದ್ದಳು. ರನ್‌ವೇ ಬೆಳೆಯುವಾಗ ನಕ್ಷೆ ಹಿಡಿದುಕೊಂಡು ಅವಳ ಮನೆಗೆ ಹೋದವನು ತಾನೇ. ದೊಡ್ಡ ವಿಮಾನ ಬರುತ್ತದೆ ಯಕ್ಕಾ, ನಮ್ಮೂರಿಗೆ ಬರುತ್ತದೆ. ಅವಳು ಹೊಲದ ಬಗ್ಗೆ ಏನೂ ಕೇಳಲಿಲ್ಲ. ‘ಕಣಾನೂ ಹೋಗ್ತದೇನು?’ ಎಂದಷ್ಟೇ ಕೇಳಿದಳು. ಅವನು ನಕ್ಷೆ ಮಡಚುತ್ತ, ಕಣ ಇನ್ನೊಂದು ಮಾಡಿದರಾಯಿತು ಬಿಡು, ಎಂದಿದ್ದ. ಎಷ್ಟು ಸಲೀಸಾಗಿ ಅಂದಿದ್ದ.

ಸದ್ದು ಬಂತು. ಪಂಖದ ವಿಮಾನದ ಗುರುಗುರು ಅಲ್ಲ, ಆಕಾಶವನ್ನೇ ಎರಡು ಹೋಳು ಸೀಳುವಂಥ ಸದ್ದು. ಮಂಜು ಬಿಟ್ಟ ನೀಲಿಯಲ್ಲಿ ಬೆಳ್ಳಗೆ, ಹೊಟ್ಟೆ ಹೊಳೆಯುತ್ತ, ತಲೆಯ ಮೇಲೆ ಹಾದುಹೋಯಿತು. ಮರೆಮ್ಮ ಬಾರಿಗಿ ಬಿಟ್ಟು ಕಿವಿ ಮುಚ್ಚಿಕೊಂಡಳು. ದೇವಾನಂದನಿಗೆ ಬಾಯಿ ತೆರೆದದ್ದು ಗೊತ್ತಾಗಲಿಲ್ಲ. ಏನು ಚೆಂದ! ಈ ಪಾಪಿ ಮುಂಡೇದು ಏನು ಚೆಂದ ಇದೆ! ಇದು ಇಳಿಯಬೇಕು, ಇವತ್ತೇ ಇಳಿಯಬೇಕು, ಇಲ್ಲೇ ಇಳಿಯಬೇಕು.

‘ಸರ್, ಒಂದು ಸುತ್ತು ಹಾಕ್ರಿ ಅಂದೀನಿ’ ಎಂದಳು ರಿಹಾನ ವಾಕಿಟಾಕಿಯಲ್ಲಿ. ‘ಯಾಕ ಅಂತ ಕೇಳಾಕತ್ತಾರ. ನಾಯಿ ಬಂದದ ಅಂತ ಹೇಳ್ಲೇನ್ರಿ? ನಾಯಿ ಅಂದ್ರ ಯಾರೂ ಮುಂದ ಏನೂ ಕೇಳಂಗಿಲ್ರಿ ಸರ್.’

ಒಳ್ಳೆಯ ಹುಡುಗಿ. ನನ್ನ ಕೆಲಸ ಉಳಿಸುವುದಕ್ಕೆ ನೋಡುತ್ತಿದ್ದಾಳೆ. ನಾಯಿಗೆ ಹೆಸರಿಲ್ಲ, ನಾಯಿಗೆ ಮೆಮೋ ಇಲ್ಲ. ಬೇಲಿ ಹಾರಿ ಬಂತು, ಓಡಿಸಿದೆವು, ಮುಗಿಯಿತು. ಹೂಂ ಅನ್ನಲು ಗುಂಡಿಯ ಮೇಲೆ ಬೆರಳಿಟ್ಟ. ಎದುರಿಗೆ ಅಕ್ಕ ಮಂಡಿಯೂರಿ ಡಾಂಬರಿನ ಮೇಲಿನ ಒಂದೊಂದೇ ಕಾಳು ಹೆಕ್ಕುತ್ತಿದ್ದಳು. ಸಣ್ಣವನಾಗಿದ್ದಾಗ ಕೇಳಿದ ಮಾತೊಂದು ಕಿವಿಗೆ ಬಂತು. ‘ಏ, ನಾಯಿ ಮಂದೀನ್ನ ದೂರ ನಿಲ್ಲಸ್ರಿ, ಕಣ ಮೈಲಿಗಿ ಆಗ್ತದ.’ ಯಾವ ಊರಿನ ಕಣ, ಯಾರ ಆಳು ಹಾಗಂದದ್ದು, ಮುಖ ಮರೆತಿದೆ. ಅವ್ವ ಉಡಿ ಒಡ್ಡಿಕೊಂಡೇ ಎರಡು ಹೆಜ್ಜೆ ಹಿಂದೆ ಸರಿದದ್ದು ಮಾತ್ರ ಮರೆತಿಲ್ಲ. ಅವತ್ತು ಹಿಂದೆ ನಿಂತಿದ್ದ ನಿಜವಾದ ಒಂದು ನಾಯಿಯೂ ಅವ್ವನ ಜೊತೆಗೇ ಹಿಂದೆ ಸರಿದಿತ್ತು.

‘ನಾಯಿ ಅಲ್ಲ!’ ಎಂದು ಅವನು ವಾಕಿಟಾಕಿ ಒಡೆದುಹೋಗುವಂತೆ ಕೂಗಿದ. ‘ನಾಯಿ ಗೀಯಿ ಏನೂ ಇಲ್ಲ ಇಲ್ಲಿ! ರಾಶಿ ಅದ! ನಮ್ಮ ಅಕ್ಕನ ತೊಗರಿ ರಾಶಿ! ಹಾಕ್ಕೋ ಅಂದವ ನಾನು, ದೇವಾನಂದ. ಹಂಗೇ ಹೇಳು ಅವರಿಗೆ. ತಗೀಲಿಕತ್ತೀವಿ, ಇಳಿಯಾಕ ಜಾಗ ಕೊಟ್ಟೇ ಕೊಡ್ತೀವಿ, ತಿರಗಿ ಹೋಗಬ್ಯಾಡ್ರಿ ಅಂತ ಹೇಳು!’

ಟವರಿನ ಮಾತೆಲ್ಲ ರೆಕಾರ್ಡಾಗುತ್ತದೆ ಎಂಬುದು ಆಮೇಲೆ ಹೊಳೆಯಿತು. ಹೊಳೆದರೂ ಎದೆ ಹಗುರಾಗಿಯೇ ಇತ್ತು. ಬೂಟು ಕಿತ್ತ ಕಾಲಿನಂತೆ.

ಸುರೇಶಕುಮಾರ ಸಾಹೇಬರ ಕಾರು ಬಂದದ್ದು ಆಗ. ಟೈ ಭುಜದ ಮೇಲೆ ಹಾರುತ್ತಿತ್ತು. ‘ಏನ್ರೀ ಇದು? ಏನ್ರೀ ಇದು ದೇವಾನಂದ್? ತಲೆ ಕೆಟ್ಟಿದೆಯಾ ನಿಮಗೆ? ಇದು ವಿಮಾನ ನಿಲ್ದಾಣನೋ ಸಂತೆನೋ?’ ಎನ್ನುತ್ತ ನೇರ ರಾಶಿಗೇ ನಡೆದು ಬಂದರು.

‘ಬೂಟು ಬಿಡ್ರಿ ಸಾಹೇಬ್ರ’ ಎಂದಳು ಮಾಣಿಕಮ್ಮ. ಏರು ದನಿಯೇನಲ್ಲ.

‘ಏನಮ್ಮಾ?’

‘ಕಣ ಅದ್ರಿ ಇದು. ಬೂಟು ಬಿಡ್ರಿ.’

ಮೇಲೆ ವಿಮಾನ ಇನ್ನೊಂದು ಸುತ್ತಿಗೆ ಹೊರಳಿತು. ಸಾಹೇಬರು ಅದನ್ನು ನೋಡಿದರು, ರಾಶಿಯನ್ನು ನೋಡಿದರು, ಬೂಟನ್ನು ಗಾಡಿಯಲ್ಲೇ ಬಿಟ್ಟು ಬರಿಗಾಲಲ್ಲಿ ಓಡಾಡುತ್ತಿದ್ದ ಬೆಂಕಿ ಗಾಡಿಯ ಮಂದಿಯನ್ನು ನೋಡಿದರು. ಆ ವಿಮಾನ ತಿರುಗಿ ಹೋದರೆ ಹೋಗುವುದು ತನ್ನ ಹೆಸರೂ ಹೌದೆಂದು ಅವರ ಮುಖದಲ್ಲಿ ಕಂಡಿತು. ಬಗ್ಗಿ ಲೇಸು ಬಿಚ್ಚಿದರು. ಬಿಳಿ ಸಾಕ್ಸಿನಲ್ಲಿ ಡಾಂಬರಿನ ಮೇಲೆ ನಿಂತ ಸಾಹೇಬರು ಒಮ್ಮೆಲೇ ಗಿಡ್ಡರಾದರು. ಮಾಣಿಕಮ್ಮ ರಾಶಿಯಿಂದ ಬೊಗಸೆ ತುಂಬಿಕೊಂಡು ಅವರ ಮುಂದೆ ಹಿಡಿದಳು. ‘ಮೊದಲನೇ ಬೊಗಸಿ ಬಂದವರಿಗೆ. ಹಿಡೀರಿ.’ ‘ಈಗ್ಲೇನಮ್ಮಾ?’ ‘ಈಗ್ಲೇ. ಕೊಡದ ರಾಶಿ ಎತ್ತಂಗಿಲ್ಲ.’ ಸಾಹೇಬರು ಎರಡೂ ಕೈ ಜೋಡಿಸಿ ಒಡ್ಡಿದರು. ಒಡ್ಡಿದ ಆ ಕೈಗಳನ್ನು ನೋಡಿ ದೇವಾನಂದನ ಒಳಗೆ ಒಂದು ಕೆಟ್ಟ ಖುಷಿ ಭಗ್ಗೆಂದು ಎದ್ದಿತು. ನೋಡು ಅವ್ವಾ, ನೋಡು. ಆದರೆ ಅಕ್ಕನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಅವಳು ಚೆಲ್ಲದಂತೆ, ಮಗುವಿಗೆ ಕೊಡುವಂತೆ ಸುರಿಯುತ್ತಿದ್ದಳು. ಖುಷಿಗೆ ನಾಚಿಕೆಯಾಗಿ ಅವನು ತಾಡಪತ್ರಿಯ ಮೂಲೆಗೆ ಕೈ ಹಾಕಿದ. ಸಾಹೇಬರು ಕಾಳನ್ನು ಕೋಟಿನ ಜೇಬಿಗೆ ಸುರಿದುಕೊಂಡು ಇನ್ನೊಂದು ಮೂಲೆ ಹಿಡಿದರು.

‘ಹಿಡೀರಿ! ಜೋರ್ ಲಗಾವ್!’ ಎಂದ ಮಜೀದಸಾಬ. ರಾಶಿ ಅಲುಗಿತು, ಕೂತಿತು, ಮತ್ತೆ ಅಲುಗಿ ಹೊರಟಿತು, ದೊಡ್ಡ ಪ್ರಾಣಿಯೊಂದು ಎದ್ದು ನಡೆದಂತೆ. ಗೇಟು ದಾಟಿ ಹೊಲಕ್ಕೆ ಬಿದ್ದಾಗ ಎಲ್ಲರೂ ಕೂಗಿಕೊಂಡರು, ಸಾಹೇಬರೂ ಕೂಗಿದರು. ಹೊಟ್ಟು ಹೋಯಿತು, ಟ್ರ್ಯಾಕ್ಟರು ಹೋಯಿತು, ಕಾಳು ಅಲ್ಲಿಗೆ ಹೋದ ಮೇಲೆ ಹಕ್ಕಿಗಳೂ ಅತ್ತ ಹೋದವು. ಬಾರಿಗಿಗೆ ಸಿಗದ ಕಾಳು ಉಳಿದಿದ್ದವು. ಮಾಣಿಕಮ್ಮ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಳು. ಕಣ ಕೊನೆಗೆ ಚೊಕ್ಕ ಮಾಡುವುದು ಕಣ್ಣಿನಿಂದಲ್ಲ, ಅಂಗಾಲಿನಿಂದ. ಕಾಲು ಎಳೆಯುತ್ತ ಹೋದರೆ ಒಂದು ಕಾಳು ಇದ್ದರೂ ಚುಚ್ಚುತ್ತದೆ. ರನ್‌ವೇಯ ಅಗಲಕ್ಕೂ ಸಾಲು ಕಾಲೆಳೆಯುತ್ತ ಸಾಗಿತು. ‘ಇಲ್ಲೊಂದು’ ಎಂದರು ಸಾಹೇಬರು, ಸಾಕ್ಸು ಕಿತ್ತು ಜೇಬಿನಲ್ಲಿಟ್ಟುಕೊಂಡಿದ್ದವರು. ಬಗ್ಗಿ ಎತ್ತಿಕೊಂಡರು.

ಎಲ್ಲರನ್ನೂ, ಕಾರನ್ನೂ ಕೆಂಪು ಗಾಡಿಯನ್ನೂ ಬೇಲಿಯಾಚೆ ಕಳಿಸಿ ದೇವಾನಂದ ಕೊನೆಯ ಸಲ ತಿರುಗಿ ನೋಡಿದ. ಖಾಲಿ. ಕರಿ ಹೊಳೆಯಂತೆ ಹರಿದಿದೆ. ನಡುವೆ ಎರಡು ಜೊತೆ ಬೂಟು. ಒಂದು ಅವನದು, ಒಂದಕ್ಕೊಂದು ಸಂಬಂಧವಿಲ್ಲದಂತೆ ಬಿದ್ದದ್ದು. ಇನ್ನೊಂದು ಸಾಹೇಬರದು, ಯಾರೋ ಹಾಕಿಕೊಂಡು ನಿಂತಂತೆ ಜೋಡಿಯಾಗಿ, ಮೂತಿ ಹೊಳೆಯುತ್ತ. ಎದೆ ಧಸಕ್ಕೆಂದಿತು, ಆಮೇಲೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಓಡಿ ನಾಲ್ಕನ್ನೂ ಕಂಕುಳಿಗೆ ಸೇರಿಸಿಕೊಂಡು, ಜೀಪು ಹೊರಗೆ ತಂದು, ಗೇಟು ಹಾಕಿ, ಗುಂಡಿ ಒತ್ತಿದ.

‘ರಿಹಾನ, ಖಾಲಿ ಅದ. ಇಳೀಲಿ.’

ಸಾಹೇಬರು ಬೂಟು ಇಸಿದುಕೊಂಡರು, ಹಾಕಿಕೊಳ್ಳಲಿಲ್ಲ. ಆಕಾಶ ನೋಡುತ್ತಲೇ, ‘ಇದಕ್ಕೆ ನೀವು ವಿವರಣೆ ಕೊಡಬೇಕಾಗುತ್ತೆ. ನನ್ನ ಕೈಯಲ್ಲಿ ಏನೂ ಇಲ್ಲ’ ಎಂದರು.

‘ಕೊಡ್ತೀನ್ರಿ’ ಎಂದ ದೇವಾನಂದ. ‘ಕನ್ನಡದಾಗ ಕೊಡ್ತೀನಿ. ನಮ್ಮ ಕನ್ನಡದಾಗ.’

ಕೆಲಸ ಹೋಗಬಹುದು. ಹೋಗಲಿ ಎಂದು ಮನಸ್ಸು ಹೇಳಲಿಲ್ಲ, ಹೋಗಬಾರದು ಎಂದೇ ಹೇಳಿತು. ಆದರೆ ಅದನ್ನು ಕೇಳಿಸಿಕೊಳ್ಳಲು ಪುರುಸೊತ್ತಿರಲಿಲ್ಲ. ಮೂಡಲ ದಿಕ್ಕಿನಲ್ಲಿ ಬೆಳಕಿನ ಒಂದು ಚುಕ್ಕೆ ಕಂಡಿತು, ಎರಡಾಯಿತು, ದೊಡ್ಡದಾಯಿತು, ರೆಕ್ಕೆಯಾಯಿತು. ಬೇಲಿಯ ತಂತಿ ಹಿಡಿದು ಅಕ್ಕ ಪಕ್ಕದಲ್ಲಿ ಬಂದು ನಿಂತಳು. ಅವಳ ಮೈಯಿಂದ ಹೊಸ ತೊಗರಿಯ ವಾಸನೆ ಬರುತ್ತಿತ್ತು. ತಲೆಯ ಮೇಲೆ ನೆರಳು ಹಾದು ಗಾಳಿ ಹೊಟ್ಟನ್ನೆಲ್ಲ ಎಬ್ಬಿಸಿತು. ಗಾಲಿಗಳು ನೆಲ ಮುಟ್ಟಿದ್ದು ಕಣ್ಣಿಗಿಂತ ಮೊದಲು ಅಂಗಾಲಿಗೆ ಬಂತು. ಜುಂ ಎಂದು ಶುರುವಾಗಿ ಮೊಣಕಾಲಿಗೆ ಏರಿ ಹೊಟ್ಟೆಗೆ ಬಂದು ಕೂತಿತು. ಓಡಬೇಕಾದ ಗಳಿಗೆ. ಅವನು ಓಡಲಿಲ್ಲ. ವಿಮಾನ ಹೊಗೆ ಹಾರಿಸಿ, ಗುಡುಗಿ, ದೂರ ದೂರ ಹೋಗಿ ನಿಧಾನವಾಯಿತು. ಹಿಂದೆ ಮಜೀದಸಾಬ ಗಾಡಿಯ ಗಂಟೆ ಬಾರಿಸುತ್ತಲೇ ಇದ್ದ.

ಮಾಣಿಕಮ್ಮ ವಿಮಾನ ನೋಡುತ್ತಿರಲಿಲ್ಲ. ಅದು ಇಳಿದ ಜಾಗವನ್ನೇ ನೋಡುತ್ತಿದ್ದಳು. ತಮ್ಮನ ರಟ್ಟೆ ಗಟ್ಟಿಯಾಗಿ ಹಿಡಿದು, ಕಣ ತುಳಿದ ದಿನ ನಕ್ಕಂತೆಯೇ ಹುಚ್ಚುಚ್ಚಾಗಿ ನಗುತ್ತ ಹೇಳಿದಳು.

‘ತಡಕೊಂತಲ್ಲೋ ತಮ್ಮಾ, ನಮ್ಮ ಕಣ!’